ಸೆಕೆಂಡ್ ಹ್ಯಾಂಡ್ ರೋಡ್ ಬೈಕ್: ದುಡ್ಡು ಕೊಡುವ ಮುನ್ನ ಎಲ್ಲೆಲ್ಲಿ ಕೈಯಿಟ್ಟು ನೋಡಬೇಕು

ಹೊಸ ಊರಿಗೆ ಬಂದ ಮೊದಲ ವಾರವೇ ರೋಡ್ ಬೈಕ್ (ಬಾಗಿದ ಹ್ಯಾಂಡಲಿನ, ತೆಳು ಟೈರಿನ ವೇಗದ ಸೈಕಲ್) ಕೊಳ್ಳುವ ಆತುರ ಬೇಡ. ರಸ್ತೆ ಹೇಗಿದೆ, ಏರು ಎಷ್ಟಿದೆ ಎಂದು ಮೊದಲು ನೋಡಿಕೊಳ್ಳಿ. ಗುಂಡಿಗಳೇ ಹೆಚ್ಚಾದರೆ 28 ಮಿ.ಮೀ. ಟೈರು ಹಿಡಿಸುವ ಫ್ರೇಮ್ ಬೇಕು; ಹಳೆಯ ರೇಸಿಂಗ್ ಫ್ರೇಮುಗಳಲ್ಲಿ 25ಕ್ಕಿಂತ ದಪ್ಪನೆಯದು ಎಷ್ಟೋ ಸಲ ಕೂರುವುದಿಲ್ಲ. ಏರು ಹೆಚ್ಚಿದ್ದರೆ ಪೆಡಲಿನ ಬಳಿಯ ಎರಡು ಹಲ್ಲುಚಕ್ರಗಳು 50 ಮತ್ತು 34 ಹಲ್ಲಿನವು (50/34), ಹಿಂದೆ ದೊಡ್ಡ ಹಲ್ಲುಚಕ್ರ 28 ಅಥವಾ 32 ಹಲ್ಲಿನದು ಇರಲಿ.

ಬ್ರ್ಯಾಂಡಿಗಿಂತ ಮೊದಲು ಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಅದನ್ನು 0.66ರಿಂದ ಗುಣಿಸಿದರೆ ಫ್ರೇಮಿನ ಅಳತೆ ಸುಮಾರಾಗಿ ಸಿಗುತ್ತದೆ: 80 ಸೆಂ.ಮೀ. ಇದ್ದವರಿಗೆ 53ರ ಆಸುಪಾಸು. ಮೇಲಿನ ಕೊಳವೆ ಇಳಿಜಾರಾಗಿರುವ ಫ್ರೇಮುಗಳಲ್ಲಿ ಈ ಲೆಕ್ಕ ನೆಚ್ಚುವಂತಿಲ್ಲ, ಹತ್ತಿ ಕೂತೇ ನೋಡಬೇಕು. ಬ್ರೇಕ್ ಲಿವರ್ ಮೇಲೆ ಕೈಯಿಟ್ಟಾಗ ಮೊಣಕೈ ತುಸು ಮಡಚಿರಬೇಕು, ಭುಜ ಕಿವಿಯತ್ತ ಏರಬಾರದು. ಒಂದೆರಡು ಸೆಂಟಿಮೀಟರ್ ವ್ಯತ್ಯಾಸವಾದರೆ ಸ್ಟೆಮ್ (ಹ್ಯಾಂಡಲನ್ನು ಫ್ರೇಮಿನ ಮುಂಭಾಗಕ್ಕೆ ಜೋಡಿಸುವ ತುಂಡು) ಬದಲಿಸಿ ಸರಿಮಾಡಬಹುದು. ಅದಕ್ಕಿಂತ ಹೆಚ್ಚಾದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಸೈಕಲ್ಲನ್ನು ಹಗಲು ಬೆಳಕಿನಲ್ಲೇ ನೋಡಿ. ಜೊತೆಗೆ ಟೇಪು, ಇಂಚಿನ ಸ್ಟೀಲ್ ಸ್ಕೇಲು, 4 ಮತ್ತು 5 ಮಿ.ಮೀ. ಅಲೆನ್ ಕೀ ಇದ್ದರೆ ಸಾಕು. ಹ್ಯಾಂಡಲಿನ ಕೆಳಗೆ ಕೊಳವೆಗಳು ಸೇರುವ ಜಾಗದಲ್ಲಿ, ಅಡಿಭಾಗದಲ್ಲಿ, ಬೆರಳಾಡಿಸಿ. ಪೇಂಟು ಸುಕ್ಕುಗಟ್ಟಿದ್ದರೆ ಅಥವಾ ಕೊಳವೆ ಉಬ್ಬಿದ್ದರೆ ಮುಂದಿನಿಂದ ಗುದ್ದಿಸಿಕೊಂಡ ಸೈಕಲ್ ಅದು. ಕಾರ್ಬನ್ ಫ್ರೇಮಿನಲ್ಲಿ ಒಳಗಿನ ಬಿರುಕು ಕಣ್ಣಿಗೆ ಬೀಳದೇ ಇರಬಹುದು, ಹಾಗಾಗಿ ಹೊಸಬರಿಗೆ ಹಳೆಯ ಅಲ್ಯೂಮಿನಿಯಂ ಅಥವಾ ಸ್ಟೀಲ್ ವಾಸಿ. ಸೀಟ್‌ಪೋಸ್ಟನ್ನು (ಸೀಟು ಕೂರುವ ಕೊಳವೆಯನ್ನು) ಅಲ್ಲೇ ಸಡಿಲಿಸಿ ಮೇಲೆ ಕೆಳಗೆ ಮಾಡಿಸಿ. ತುಕ್ಕಿನಿಂದ ಒಳಗೇ ಕಚ್ಚಿಕೊಂಡಿದ್ದರೆ ಬಿಡಿಸಲು ಹೋಗಿ ಫ್ರೇಮೇ ಹಾಳಾಗಬಹುದು.

ಫ್ರೇಮ್ ಬಿಟ್ಟರೆ ಜೇಬಿಗೆ ಹೆಚ್ಚು ಭಾರ ಬೀಳುವುದು ಬ್ರೇಕು-ಗೇರು ಎರಡೂ ಇರುವ ಲಿವರುಗಳಿಂದ. ಒಂದೊಂದೇ ಗೇರನ್ನು ಏರಿಸಿ ಇಳಿಸಿ. ಲಿವರು ಕ್ಲಿಕ್ ಎನ್ನದೆ ಸುಮ್ಮನೆ ಜಾರಿದರೆ ಒಳಗಿನ ಗ್ರೀಸು ಗಟ್ಟಿಯಾಗಿರಬಹುದು, ಸ್ಪ್ರೇ ಹೊಡೆದು ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ಹೋಗದಿದ್ದರೆ ಇಡೀ ಲಿವರನ್ನೇ ಬದಲಿಸಬೇಕು. ಮಾರುವವರು 'ಒಂದು ಹನಿ ಎಣ್ಣೆ ಸಾಕು' ಎಂದರೆ, ಹನಿ ಹಾಕಿಸಿದ ಮೇಲೆಯೇ ಬನ್ನಿ ಎಂದು ಹೇಳಿ. 8 ಅಥವಾ 9 ಸ್ಪೀಡಿನದು (ಹಿಂದೆ ಅಷ್ಟು ಹಲ್ಲುಚಕ್ರಗಳಿರುವುದು) ಕಲಿಯುವವರಿಗೆ ಧಾರಾಳ ಸಾಕು, ಅದರ ಚೈನೂ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಗೊಂಚಲೂ) ಅಗ್ಗ.

ಚೈನನ್ನು ಸ್ಕೇಲಿನಿಂದ ಅಳೆಯಿರಿ. ಹೊಸದರಲ್ಲಿ ಒಂದು ಪಿನ್ನಿನ ನಡುವಿನಿಂದ 24 ಪಿನ್ ಆಚೆಯದರ ನಡುವಿಗೆ ಸರಿಯಾಗಿ 12 ಇಂಚು. ಪಿನ್ನು 1.5 ಮಿ.ಮೀ. ಮುಂದೆ ಸರಿದಿದ್ದರೆ ಚೈನ್ ಬದಲಿಸಬೇಕು, 3 ಮಿ.ಮೀ. ಸರಿದಿದ್ದರೆ ಕ್ಯಾಸೆಟ್ಟೂ ಹೋಗಿದೆ ಎಂದೇ ಲೆಕ್ಕ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಏರಿನಲ್ಲಿ ಬಲ ಹಾಕಿದಾಗ ಹಾರುತ್ತದೆ. ಚೈನು, ಕ್ಯಾಸೆಟ್ಟು, ಟೈರು, ಬ್ರೇಕ್ ಶೂ ಇವೆಲ್ಲ ಸವೆಯುವ ಸಾಮಾನುಗಳು. ಸವೆದಿದ್ದರೆ ಬಿಡಬೇಕಿಲ್ಲ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಹ್ಯಾಂಡಲಿನ ಬುಡ ಕಟಕಟ ಎಂದರೆ ಬೇರಿಂಗ್ ಸಡಿಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದಾಗ ನಡುವೆ ಕಚ್ಚಿದಂತಾದರೆ ಬೇರಿಂಗ್ ಬದಲಿಸಲೇಬೇಕು. ಪೆಡಲ್ ಕೂರುವ ತೋಳನ್ನು, ಅಂದರೆ ಕ್ರ್ಯಾಂಕನ್ನು, ಪಕ್ಕಕ್ಕೆ ಎಳೆದು ಅದೂ ಸಡಿಲವಾಗಿದೆಯೇ ನೋಡಿ. ರಿಮ್ ಬ್ರೇಕಿದ್ದರೆ (ಚಕ್ರದ ಬಳೆಯನ್ನೇ ಒತ್ತಿ ಹಿಡಿಯುವ ಬ್ರೇಕು) ರಿಮ್ಮಿನ ಪಕ್ಕ ಬೆರಳಿಗೆ ಹಳ್ಳದಂತೆ ಸಿಗಬಾರದು, ಸಿಕ್ಕರೆ ರಿಮ್ಮಿನ ಆಯುಸ್ಸು ಮುಗಿದಿದೆ. ಟೈರಿನ ಪಕ್ಕದಲ್ಲಿ 622 ಎಂದಿದ್ದರೆ ಅದು 700ಸಿ, ಎಲ್ಲೆಡೆ ಸಿಗುತ್ತದೆ. 630 ಎಂದಿದ್ದರೆ ಅದು ಹಳೆಯ 27 ಇಂಚಿನದು, ಟೈರು ಹುಡುಕುವುದೇ ಕೆಲಸವಾಗುತ್ತದೆ.

ಎರಡು ಕ್ರ್ಯಾಂಕುಗಳ ನಡುವಿನ ಅಕ್ಷ ಕೂರುವ ಫ್ರೇಮಿನ ಭಾಗದ ಅಡಿಯಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಮಾತು ಬೆಳೆಸದೆ ಹೊರಡಿ. ಸರಿಯಿದ್ದರೆ ಫೋಟೋ ತೆಗೆದುಕೊಂಡು, ಮಾರುವವರ ಸಹಿಯಿರುವ ಚೀಟಿಯಲ್ಲಿ ಆ ನಂಬರನ್ನೂ ಬರೆಸಿಕೊಳ್ಳಿ.