ಮಂಗಗಳ ತುರಿಕೆಯ ಲೆಕ್ಕ: ಮಳೆ ಬಿಟ್ಟ ಮೇಲಿನ ಬರಹ

ಮಳೆ ಬಿಟ್ಟಿತು, ಲೆಕ್ಕ ಪುನಃ ಶುರುವಾಯಿತು. ಹೊಸದಾಗಿ ಓದುವವರಿಗೆ ಎರಡು ಮಾತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ನಮ್ಮ ಅಡಿಕೆ ತೋಟದ ಮೇಲಿನ ಗುಡ್ಡೆಯಲ್ಲಿ ಮಂಗಗಳ ಗುಂಪೊಂದು ಇದೆ. ಬೈತಲೆ ತೆಗೆದು ಟೋಪಿ ಇಟ್ಟ ಹಾಗೆ ತಲೆಗೂದಲು ಇರುವ ನಮ್ಮ ಊರ ಮಂಗಗಳೇ. ಅವು ಒಂದಕ್ಕೊಂದು ಹೇನು ಹೆಕ್ಕುವ ಮೊದಲು ಎಷ್ಟು ಸಲ ಮೈ ತುರಿಸಿಕೊಳ್ಳುತ್ತವೆ, ಹೆಕ್ಕಿ ಮುಗಿದ ಮೇಲೆ ಎಷ್ಟು ಸಲ, ಅಷ್ಟನ್ನು ಬರೆದಿಡುವುದು ನನ್ನ ಕೆಲಸ.

ತುರಿಕೆಯನ್ನೇ ಯಾಕೆ ಲೆಕ್ಕ ಮಾಡಬೇಕು? ಹೇನು ಇದ್ದರೆ ತುರಿಸುತ್ತದೆ, ಅಲ್ವಾ? ಹೌದು, ಆದರೆ ಅಷ್ಟೇ ಅಲ್ಲ. 1992ರಲ್ಲಿ ಮಂಗಗಳ ನಡವಳಿಕೆಯ ಸಂಶೋಧಕರಾದ ಡಾರಿಯೊ ಮಾಯೆಸ್ಟ್ರಿಪಿಯೆರಿ, ಗಬ್ರಿಯೇಲೆ ಸ್ಕೀನೋ ಮತ್ತು ಜೊತೆಯವರು ಒಂದು ವಿಚಾರ ಮುಂದಿಟ್ಟರು. ತುರಿಸಿಕೊಳ್ಳುವುದು, ಆಕಳಿಸುವುದು, ಮೈ ಕೊಡವುವುದು, ತನ್ನ ಕೂದಲನ್ನು ತಾನೇ ಕೆದಕುವುದು, ಇವೆಲ್ಲ ಮಂಗದ ಒಳಗಿನ ಆತಂಕವನ್ನು ಹೊರಗೆ ತೋರಿಸುತ್ತವೆ ಎಂದರು. 1996ರಲ್ಲಿ ಸ್ಕೀನೋ ತಂಡ ಮಂಗಗಳಿಗೆ ಲೊರಾಜೆಪಾಮ್ ಕೊಟ್ಟು ನೋಡಿತು. ಮನುಷ್ಯರಿಗೆ ಆತಂಕ ಜಾಸ್ತಿಯಾದಾಗ ಡಾಕ್ಟರ್ ಕೊಡುವ ಮಾತ್ರೆಯೇ ಅದು. ತುರಿಕೆ ಕಡಿಮೆಯಾಯಿತು. ಆತಂಕ ಹೆಚ್ಚಿಸುವ ಇನ್ನೊಂದು ಮದ್ದು ಕೊಟ್ಟಾಗ ತುರಿಕೆಯೂ ಹೆಚ್ಚಾಯಿತು. ಮದ್ದು ಕೊಟ್ಟ ಮಾತ್ರಕ್ಕೆ ಮೈಮೇಲಿನ ಹೇನು ಸಾಯುವುದೂ ಇಲ್ಲ, ಹುಟ್ಟುವುದೂ ಇಲ್ಲ. ನನಗೆ ಈ ವಿಷಯದ ಹುಚ್ಚು ಹಿಡಿಸಿದ್ದು ಈ ಪ್ರಯೋಗ.

ಈ ಸಲ ನೋಡುವ ಕ್ರಮ ಬದಲಾಯಿಸಿದ್ದೇನೆ. ಇಡೀ ಗುಂಪನ್ನು ಒಟ್ಟಿಗೆ ನೋಡಲು ಕೂತರೆ ಗಲಾಟೆ ಮಾಡುವ ಮಂಗದ ಕಡೆಗೇ ಕಣ್ಣು ಹೋಗುತ್ತದೆ. ಸುಮ್ನೆ ಮೂಲೆಯಲ್ಲಿ ಕೂತದ್ದು ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ಪ್ರಾಣಿಗಳ ನಡವಳಿಕೆಯ ಸಂಶೋಧಕಿ ಜೀನ್ ಆಲ್ಟ್‌ಮನ್ 1974ರಲ್ಲೇ ವಿವರವಾಗಿ ಬರೆದಿದ್ದಾರೆ. ಹಾಗಾಗಿ ಈಗ ಚೀಟಿ ಎತ್ತಿ ಒಂದು ಮಂಗವನ್ನು ಆರಿಸುತ್ತೇನೆ. 10 ನಿಮಿಷ ಅದರ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಸದ್ಯಕ್ಕೆ ಹೆಣ್ಣುಗಳು ಮಾತ್ರ. ಅವು ಹುಟ್ಟಿದ ಗುಂಪಿನಲ್ಲೇ ಕೊನೆವರೆಗೂ ಇರುತ್ತವೆ, ಮುಖ ಪರಿಚಯ ಉಳಿಯುತ್ತದೆ. ಗಂಡುಗಳು ಬೆಳೆದ ಮೇಲೆ ಬೇರೆ ಗುಂಪಿಗೆ ಹೋಗಿಬಿಡುತ್ತವೆ. ಮಳೆಯಲ್ಲಿ ನೆನೆದು ಬಂದರೆ ಕೂದಲು ಒಣಗುವವರೆಗೆ ಲೆಕ್ಕ ಇಲ್ಲ, ಆಗಿನ ತುರಿಕೆಗೆ ಕಾರಣ ಬೇರೆ.

ತಿನ್ನಲು ಏನೂ ಹಾಕುವುದಿಲ್ಲ, ಹತ್ತಿರ ಹೋಗುವುದೂ ಇಲ್ಲ. ಅವು ಕೂತೆದ್ದ ಮರದ ಬುಡದಲ್ಲಿ ನೀವೂ ಕೂರಬೇಡಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ.

ಈಗ ಮುಖ್ಯ ವಿಷಯ. ಎಳೆ ಅಡಿಕೆ, ಬಾಳೆಗೊನೆಗೆ ಮಂಗ ಇಳಿದರೆ ಆಚೆಮನೆ ಮಾವ ಗರ್ನಾಲು (ದೊಡ್ಡ ಸದ್ದಿನ ಪಟಾಕಿ) ಹೊಡೆಯುತ್ತಾರೆ. ಗುಂಪು ಚೆದುರಿ ಓಡಿ ಮೇಲಿನ ಹಲಸಿನ ಮರ ಸೇರುತ್ತದೆ. ಮೊದಲು ಯಾರೂ ಯಾರ ಹತ್ತಿರವೂ ಕೂರುವುದಿಲ್ಲ. ದೊಡ್ಡ ಗಂಡು ಹಲ್ಲೆಲ್ಲ ಕಾಣುವಂತೆ ಮೇಲಿಂದ ಮೇಲೆ ಆಕಳಿಸುತ್ತದೆ. ಹೆಣ್ಣುಗಳು ತೋಳು, ಪಕ್ಕೆ, ತೊಡೆ ಅಂತ ತುರಿಸುತ್ತಲೇ ಇರುತ್ತವೆ. ಆಮೇಲೆ ಹರಕು ಕಿವಿ ಮೆಲ್ಲಗೆ ಅಜ್ಜಿಯ ಹತ್ತಿರ ಹೋಗಿ ಬೆನ್ನಿನ ಕೂದಲು ಬಿಡಿಸಲು ಶುರು ಮಾಡುತ್ತದೆ (ಈ ಹೆಸರುಗಳು ನಾನಿಟ್ಟವು). ಹೆಕ್ಕಿಸಿಕೊಂಡ ಅಜ್ಜಿಯ ತುರಿಕೆ ಇಳಿಯುತ್ತದೆ. ಅದು ಗೊತ್ತಿದ್ದದ್ದೇ. 1989ರ ಒಂದು ಅಧ್ಯಯನದಲ್ಲಿ, ಬೇರೆ ಮಂಗ ಹೇನು ಹೆಕ್ಕುವಾಗ ಎದೆಬಡಿತವೇ ನಿಧಾನವಾದದ್ದು ಕಂಡಿದೆ.

ನಾನು ಎಣಿಸದೇ ಇದ್ದದ್ದು ಕಂಡದ್ದು ನೋಟ್‌ಬುಕ್ಕಿನ ಹರಕು ಕಿವಿಯ ಸಾಲಿನಲ್ಲಿ. ಹೆಕ್ಕಿದ್ದು ಅದು, ಆದರೂ ಅದರ ತುರಿಕೆ ಕೂಡ ಇಳಿದಿತ್ತು, ಕೆಲವು ಸಲ ಅಜ್ಜಿಗಿಂತ ಜಾಸ್ತಿ. ಜಿಬ್ರಾಲ್ಟರ್‌ನ ಮಂಗಗಳ ಬಗ್ಗೆ 2007ರಲ್ಲಿ ಬಂದ ಒಂದು ಅಧ್ಯಯನ ಆಗ ನೆನಪಿಗೆ ಬಂತು. ಅಲ್ಲಿ ಹೆಣ್ಣುಗಳ ಸಗಣಿಯಲ್ಲಿ ಒತ್ತಡದ ಹಾರ್ಮೋನ್ ಅಳೆದು ನೋಡಿದ್ದರು. ಬೇರೆಯವರಿಗೆ ಜಾಸ್ತಿ ಹೆಕ್ಕಿಕೊಟ್ಟ ಹೆಣ್ಣುಗಳಲ್ಲಿ ಅದು ಕಡಿಮೆ ಇತ್ತು. ಹೆಕ್ಕಿಸಿಕೊಂಡದ್ದಕ್ಕೂ ಹಾರ್ಮೋನಿಗೂ ಅಂಥ ಸಂಬಂಧ ಸಿಗಲಿಲ್ಲ. ಕೊಡುವ ಕೈಗೇ ಸಮಾಧಾನ ಸಿಗುತ್ತದೆ ಎಂಬುದು ನಮ್ಮ ಗುಡ್ಡೆಯಲ್ಲೂ ಕಾಣುತ್ತಿದೆಯೋ ಏನೋ ಎಂದು ನನಗೆ ತುಂಬಾ ಖುಷಿಯಾಯಿತು.

ಆದರೆ ಒಂದು ಪ್ರಶ್ನೆ ಬಾಕಿ ಇದೆ. ಗರ್ನಾಲಿನ ಶಬ್ದ ನಿಂತು ಹೊತ್ತು ಕಳೆದಂತೆ ತುರಿಕೆ ತಾನಾಗಿಯೇ ಇಳಿಯಬಹುದಲ್ಲ? ಅದಕ್ಕೆ ಈಗ ಹೆಕ್ಕುತ್ತಿರುವ ಪ್ರತಿ ಜೋಡಿಯ ಜೊತೆಗೆ, ಅದೇ ಹೊತ್ತಿಗೆ ಒಂಟಿಯಾಗಿ ಕೂತ ಒಂದು ಮಂಗವನ್ನೂ ಬರೆಯಬೇಕು. ಎರಡನ್ನೂ ಒಬ್ಬನೇ ನೋಡಲಾಗುವುದಿಲ್ಲ. ಅಣ್ಣನ ಮಗಳು ಶಾಲೆಗೆ ರಜೆ ಇದ್ದ ದಿನ ಬಂದು ಒಂಟಿ ಮಂಗದ ಲೆಕ್ಕ ಹಿಡಿಯುತ್ತಾಳೆ. ಅವಳ ಕಣ್ಣು ನನ್ನದಕ್ಕಿಂತ ಚುರುಕು. ಇನ್ನೂ ಸಾಕಷ್ಟು ಜೋಡಿಗಳು ಸಿಕ್ಕಿಲ್ಲ, ಆದ್ದರಿಂದ ಅಂಕಿ ಈಗ ಹಾಕುವುದಿಲ್ಲ.

ಮಾವನಿಗೆ ನೋಟ್‌ಬುಕ್ ತೋರಿಸಿದೆ. "ಅವಕ್ಕೆಂತ ಹೆದರಿಕೆ ಮಾರಾಯ? ಅರ್ಧ ಗಂಟೆಯಲ್ಲಿ ಪುನಃ ಬರ್ತವೆ" ಎಂದರು. "ಬರ್ತವೆ ಮಾವ, ಆದರೆ ಹೆದರಿಕೆ ಇಟ್ಟುಕೊಂಡೇ ಬರ್ತವೆ, ನೋಡಿ ಇಲ್ಲಿ" ಎಂದೆ. ಅವರು ಪುಟ ತಿರುಗಿಸಿ ನೋಡಿದರು. ಅವರ ನಷ್ಟ ಸಣ್ಣದಲ್ಲ, ವರ್ಷದ ಬಾಳೆಯೇ ಹೋಗಿದೆ. ಗರ್ನಾಲು ಬಿಡಿ ಎಂದು ನಾನು ಹೇಳಲಿಲ್ಲ. ಹೊಡೆದ ಹೊತ್ತು ಬರೆದಿಡಿ ಎಂದು ಕೇಳಿದೆ, ಒಪ್ಪಿದ್ದಾರೆ.

ಮುಂದಿನ ಕೆಲಸ ನಮ್ಮ ಜಿಲ್ಲೆಯ ತೆಂಕಣ ತುದಿಯಲ್ಲಿ. ತೃಕ್ಕರಿಪುರದ ಹತ್ತಿರ ಇಡಯಿಲೆಕ್ಕಾಡ್ ಕಾವಿನಲ್ಲಿ (ದೇವರ ಕಾಡಿನಲ್ಲಿ) ಇದೇ ಜಾತಿಯ ಮಂಗಗಳಿವೆ. ಓಣಂ ಸಮಯದಲ್ಲಿ ಅವಕ್ಕೆ ಎಲೆ ಹಾಕಿ ಊಟ ಬಡಿಸುತ್ತಾರೆ. ಓಡಿಸುವ ಊರಿನ ಮಂಗ, ಬಡಿಸುವ ಊರಿನ ಮಂಗ, ಎರಡರ ತುರಿಕೆಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಊಟದ ದಿನ ಬೇಡ, ಆ ದಿನ ಜನರ ಗದ್ದಲ. ಸಾಧಾರಣ ದಿನ ಬೆಳಗ್ಗೆ 7ರಿಂದ 9ರವರೆಗೆ ಕಾವಿನ ಹೊರಗೆ ಕೂರಬಲ್ಲವರು ಆ ಕಡೆ ಯಾರಾದರೂ ಇದ್ದರೆ ತಿಳಿಸಿ. ನಾನು ಬಳಸುವ ಹಾಳೆ ಕಳಿಸುತ್ತೇನೆ. ಅದರಲ್ಲಿ ಐದೇ ಕಾಲಂ: ಯಾವ ಮಂಗ, ಎಷ್ಟು ಹೊತ್ತಿಗೆ, ತುರಿಸಿದ್ದು, ಆಕಳಿಸಿದ್ದು, ಪಕ್ಕದಲ್ಲಿ ಯಾರಿದ್ದರು.