ಭೋಂಗಾ

ಇವತ್ತು ಮುಂಬೈ ಲೋಕಲ್ ಟ್ರೇನಲ್ಲಿ ಎಚ್.ಜಿ. ವೆಲ್ಸ್‌ನ ‘ದಿ ಟೈಮ್ ಮಶೀನ್’ ಓದ್ತಾ ಕೂತಿದ್ದೆ. 1895ರ ಕಾದಂಬರಿ. ಪಕ್ಕದಲ್ಲಿ ಅಪ್ಪ.

ನಂಗೆ ತುಂಬಾ ಹಿಡಿಸಿದ್ದು ಅಂದ್ರೆ, ಆ ಕಾಲಪ್ರಯಾಣದಲ್ಲಿ ಯಂತ್ರ ಜಾಗ ಬಿಟ್ಟು ಕದಲೋದೇ ಇಲ್ಲ. ಕೂತಲ್ಲೇ ಕೂತು 802701ನೇ ಇಸವಿಗೆ ಹೋಗ್ತಾನೆ ಕಥಾನಾಯಕ. ಸುತ್ತ ಕಟ್ಟಡಗಳು ಏಳ್ತವೆ, ಕರಗ್ತವೆ.

ಲೋವರ್ ಪರೇಲ್ ಬಂತು. ಅಪ್ಪ ಕಿಟಕಿ ಸರಳಿಗೆ ಹಣೆ ಒತ್ತಿ ಒಂದು ಗಾಜಿನ ಟವರನ್ನೇ ನೋಡ್ತಿದ್ರು.

"ಮಿಲ್ಲಿನ ಭೋಂಗಾ ಆಗುವಷ್ಟರಲ್ಲಿ ಇನ್ನೂರು ಗ್ಲಾಸ್ ಚಾ ರೆಡಿ ಇರ್ಬೇಕಿತ್ತು ಮಗಾ."

ಭೋಂಗಾ ಅಂದ್ರೆ ಮಿಲ್ಲಿನ ಸೈರನ್. ಅಪ್ಪ ಕುಂದಾಪುರದಿಂದ ಬಂದು ಹೋಟೆಲಲ್ಲಿ ಗ್ಲಾಸ್ ತೊಳೀತಿದ್ದ ಕಾಲ. 1982ರ ಬಟ್ಟೆ ಮಿಲ್ಲು ಕಾರ್ಮಿಕರ ಮುಷ್ಕರಕ್ಕೂ ಮೊದಲು. ಆಮೇಲೆ ಒಂದೊಂದೇ ಮಿಲ್ಲು ಮುಚ್ಚಿ, ಭೋಂಗಾನೂ ನಿಂತಿತು.

ಹೇಳುವಾಗ ಅವರ ಬಲಗೈ ನೋಡಿದೆ. ಐದೂ ಬೆರಳು ಅರ್ಧ ಮಡಚಿ ಕೆಳಮುಖ ಆಗಿದ್ವು, ಒಂದೊಂದು ಬೆರಳು ಒಂದೊಂದು ಗ್ಲಾಸಿನೊಳಗೆ ಇಳಿಸಿ ಎತ್ತಿದ ಹಾಗೆ. ಎಷ್ಟೋ ಹೊತ್ತು ಹಾಗೇ ಇತ್ತು. ಅವರಿಗೆ ಗೊತ್ತೂ ಇರ್ಲಿಲ್ಲ.

ಪುಸ್ತಕ ಮುಚ್ಚಿದೆ. "ಮತ್ತೆ, ಅಪ್ಪ?" ಅಂದೆ.

ಇಳಿಯಬೇಕಿದ್ದ ದಾದರ್ ಯಾವಾಗ ದಾಟಿತೋ ಇಬ್ಬರಿಗೂ ಗೊತ್ತಾಗ್ಲಿಲ್ಲ.