ಕೋಬೆಯಲ್ಲಿ ಮಾದಪ್ಪನ ಪದ

ಜಪಾನಿನ ಕೋಬೆಗೆ ಬಂದು ಕರೋಕೆ ಹಾಡದೆ ಹೋಗ್ತೀಯಾ ಅಂತ ಗೆಳತಿ ಹಟ ಹಿಡಿದಳು. ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬಂದಾಗ ಪರಿಚಯವಾದವಳು. ಅವಳ ಹಟಕ್ಕೆ ಕಾರಣವಿತ್ತು. ಈ ಊರಿನ ಬಾರ್‌ಗಳಲ್ಲಿ ವಾದ್ಯ ನುಡಿಸುತ್ತಿದ್ದ ದೈಸುಕೆ ಇನೌಎ 1971ರಲ್ಲಿ 11 ಕರೋಕೆ ಯಂತ್ರ ಮಾಡಿಸಿ ಇಲ್ಲಿನ ಬಾರ್‌ಗಳಿಗೇ ಬಾಡಿಗೆಗೆ ಕೊಟ್ಟರಂತೆ. ಪೇಟೆಂಟ್ ಮಾಡಿಸಲೇ ಇಲ್ಲ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಎಂಥ ಹೆಮ್ಮೆ!

ರಾತ್ರಿ ಎಂಟಕ್ಕೆ ಸನ್ನೋಮಿಯಾ ನಿಲ್ದಾಣದ ಹತ್ತಿರ ಸೇರಿದೆವು. ಅವಳ ಜೊತೆ ಇನ್ನಿಬ್ಬರು ಗೆಳೆಯರು. ನಾನು ವೇದಿಕೆ, ಜನ ಎಲ್ಲ ಇರುತ್ತೆ ಅಂದುಕೊಂಡಿದ್ದೆ. ಅಲ್ಲಿ ಸಿಕ್ಕಿದ್ದು ನಾಲ್ಕು ಜನ ಒತ್ತಾಗಿ ಕೂರುವ ಪುಟ್ಟ ಕೋಣೆ. ಒಂದು ಟಿವಿ, ಎರಡು ಮೈಕು, ಹಾಡು ಆರಿಸಲು ಟ್ಯಾಬ್ಲೆಟ್, ಒಂದು ಟ್ಯಾಂಬರಿನ್. ಬಾಗಿಲು ಹಾಕಿದರೆ ಆಯ್ತು, ಹೊರಗಿನವರ ಹಂಗಿಲ್ಲ.

ದಾರಿಯುದ್ದಕ್ಕೂ ತುಟಿ ಬಿಚ್ಚದೆ ಬಂದಿದ್ದ ಗೆಳೆಯ ಮೈಕು ಹಿಡಿದದ್ದೇ ತಡ, ಕಣ್ಣು ಮುಚ್ಚಿ ದನಿ ಎತ್ತಿದ. ಕೋಣೆಯೇ ನಡುಗಿತು. ಹಾಡು ಸಾಗಿದಂತೆ ಪರದೆಯ ಅಕ್ಷರಗಳಿಗೆ ಬಣ್ಣ ತುಂಬುತ್ತಿತ್ತು. ಕೊನೆಗೆ ಯಂತ್ರ ಅಂಕ ಕೊಟ್ಟಿತು. ಎಷ್ಟೇ ಬರಲಿ, ಚಪ್ಪಾಳೆ ಮಾತ್ರ ಒಂದೇ ಸಮ. ನನಗೆ ತುಂಬಾ ಹಿಡಿಸಿದ್ದು ಇದೇ.

ಈಗ ನಿನ್ನ ಭಾಷೆಯದು ಅಂದರು. ಟ್ಯಾಬ್ಲೆಟ್‌ನಲ್ಲಿ ಎಷ್ಟು ಹುಡುಕಿದರೂ ಕನ್ನಡ ಸಿಗಲಿಲ್ಲ. ಕರೋಕೆ ಅಂದರೆ ಖಾಲಿ ಆರ್ಕೆಸ್ಟ್ರಾ: ವಾದ್ಯ ಇರುತ್ತೆ, ಹಾಡುವವರು ಬೇಕು. ಇಲ್ಲಿ ಹಾಡುವ ನಾನಿದ್ದೆ, ವಾದ್ಯ ಇರಲಿಲ್ಲ. ಅಜ್ಜಿ ಹಾಡುತ್ತಿದ್ದ ಮಾದಪ್ಪನ ಪದ ಸುಮ್ನೆ ಹಾಗೇ ಎತ್ತಿಕೊಂಡೆ. ಎರಡು ಸಾಲು ಮುಗಿಯುವಷ್ಟರಲ್ಲಿ ಗೆಳತಿ ಟ್ಯಾಂಬರಿನ್ ಕೈಗೆತ್ತಿಕೊಂಡಳು. ಅಂಗೈಗೆ ಬಡಿದಾಗೆಲ್ಲ ಅದರ ಪುಟ್ಟ ಬಿಲ್ಲೆಗಳು ಝಲ್ ಅಂದವು. ಕಂಸಾಳೆಯ ದನಿ ಅದಲ್ಲ, ಆದರೂ ಮೈ ಜುಮ್ಮೆಂದಿತು. ಅಜ್ಜಿ ಪಕ್ಕದಲ್ಲೇ ಕೂತಿದ್ದಾಳೆ ಅನ್ನಿಸಿ ಗಂಟಲು ಕಟ್ಟಿತು. 'ಉಘೇ' ಅಂತ ಕೂಗುವುದು ಹೇಗೆ ಅಂತ ತೋರಿಸಿದೆ. ಮುಂದಿನ ಸಾಲಿಗೆ ಮೂವರೂ ಸರಿಯಾದ ಜಾಗದಲ್ಲೇ 'ಉಘೇ ಉಘೇ' ಅಂದರು. ಜಪಾನಿ ಭಾಷೆಯಲ್ಲೂ ಗಕಾರ, ಏಕಾರ ಇವೆ ಅಲ್ವಾ, ಅವರ ನಾಲಿಗೆ ಜಾಸ್ತಿ ತಡವರಿಸಲಿಲ್ಲ.

ಗೋಡೆಯ ಫೋನ್ ರಿಂಗಾಯಿತು. ಇನ್ನು ಹತ್ತೇ ನಿಮಿಷ ಅಂತ ಕೆಳಗಿನಿಂದ ತಿಳಿಸಿದರು. ಗೆಳತಿ ನನ್ನ ಮುಖ ನೋಡಿದಳು. ಕೊನೆಯ ರೈಲಿಗೆ ಇನ್ನೂ ಹೊತ್ತಿತ್ತು. ಮತ್ತೆ ಅರ್ಧ ಗಂಟೆ ಬೇಕು ಅಂದು ಫೋನ್ ಇಟ್ಟು, ಟ್ಯಾಂಬರಿನ್ ಪಕ್ಕದವನ ಕೈಗೆ ಕೊಟ್ಟಳು.